ಹಾಸಿದ್ದನ್ನು ಎತ್ತುವುದು

ನಮ್ಮ ಮಠಗಳಲ್ಲಿ ಪ್ರವಚನಕ್ಕೆ ಜಮಖಾನ ಹಾಸುತ್ತಾರೆ. ಜನರೆದ್ದ ಬಳಿಕ ಕೊಡವಿ ಸುತ್ತಿಡುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆಗಳ ಕೆಲವು ಅನುಕೂಲಸ್ಥ ಮನೆಗಳಲ್ಲಿ ಈ ಕ್ರಮ ತಪ್ಪಿದೆ. ಅಡಿಯಲ್ಲಿ ಫೋಮಿನ ಮೆತ್ತೆಯಿಟ್ಟು, ಅಂಟು ಬಳಿದು, ಗೋಡೆಯಿಂದ ಗೋಡೆಗೆ ಕೂರಿಸಿದ ಕಾರ್ಪೆಟ್ಟು ಇದ್ದಲ್ಲಿಯೇ ಮುದಿಯಾಗುತ್ತದೆ. ಇಲ್ಲಿಯ ಕರಿಕಲ್ಲು ಕಡಲಾಚೆಯ ಮನೆಗಳಿಗೆ ನೆಲಹಾಸಾಗಿ ಹೋಗುತ್ತಿರಲು, ನಾವು ನಮ್ಮ ನೆಲವನ್ನು ಮುಚ್ಚಿಡುವುದು ಸೋಜಿಗವೇ ಸರಿ.

ಹಿಂಗಾರಿನ ತೇವ ಮೆತ್ತೆಗೆ ಇಳಿದರೆ ಬೇಗ ಆರದು. ಅಲ್ಲಿ ಧೂಳುನುಸಿ ನೆಲೆಯೂರುತ್ತದೆ. ಅದರ ಉದ್ದ ಸುಮಾರು 0.3 ಮಿಲಿಮೀಟರ್, ಆಹಾರ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ಅದರ ಮಲದ ಕಣಗಳು ಉಸಿರಿನೊಡನೆ ಸೇರಿದರೆ ಒಗ್ಗದವರಿಗೆ ಸೀನು, ದಮ್ಮು ಕೆರಳುತ್ತವೆ. ಪೊರಕೆಯಿಂದ ಗುಡಿಸಿದರೆ ಅವು ಮೇಲೇಳುತ್ತವೆಯೇ ಹೊರತು ಹೋಗುವುದಿಲ್ಲ.

ಪರಿಚಿತರ ಮನೆಯೊಂದರಲ್ಲಿ ಮೊಮ್ಮಗುವಿಗೆ ರಾತ್ರಿಯೆಲ್ಲ ಗೊರಗೊರ ಉಸಿರು. ವೈದ್ಯರು ಕಾರ್ಪೆಟ್ಟು ತೆಗೆಸಿರೆಂದರು. ಅಜ್ಜಿ ಒಪ್ಪಲೊಲ್ಲರು, ಅದು ಲಿಂಗೈಕ್ಯರಾದ ಯಜಮಾನರು ಆಸೆಪಟ್ಟು ಹಾಕಿಸಿದ್ದು. ಆ ಹಟವನ್ನು ಮೌಢ್ಯವೆನ್ನಲು ನನಗೆ ಮನಸ್ಸು ಬಾರದು. ಸೊಸೆ ವಾದಿಸಲಿಲ್ಲ. ‘ಅತ್ತೆ, ಮಾವನವರು ಇದ್ದಿದ್ದರೆ ಮಗುವಿನ ಉಸಿರು ಕೇಳಿ ತಾವೇ ಕಿತ್ತುಹಾಕುತ್ತಿದ್ದರಲ್ಲವೆ?’ ಎಂದರಂತೆ. ಮರುದಿನ ಅಜ್ಜಿಯೇ ಬೀರುವಿನ ಸಾಮಾನು ಖಾಲಿ ಮಾಡತೊಡಗಿದರು.

ಕೀಳುವ ದಿನ ಮಕ್ಕಳನ್ನೂ ದಮ್ಮಿನವರನ್ನೂ ಬೇರೆ ಮನೆಗೆ ಕಳುಹಿಸಿರಿ. ಕಿಟಕಿ ತೆರೆದು, ಮೂಗುಬಾಯಿ ಮುಚ್ಚಿ, ಧೂಳೇಳದಂತೆ ನೀರು ಚಿಮುಕಿಸಿರಿ. ಮೂಲೆಯನ್ನು ಇಕ್ಕಳದಿಂದ ಎತ್ತಿ, ಎರಡಡಿ ಅಗಲದ ಪಟ್ಟಿಗಳಾಗಿ ಕೊಯ್ದು, ಧೂಳಿನ ಮೈ ಒಳಗಾಗುವಂತೆ ಸುತ್ತಿ ಕಟ್ಟಬೇಕು. ಹಳೆಯ ಫೋಮು ಹುಡಿಹುಡಿಯಾಗಿ ನೆಲಕ್ಕೆ ಕಚ್ಚಿರುತ್ತದೆ. ಬಿಸಿನೀರಿನಲ್ಲಿ ನೆನೆಯಿಸಿ ಮೆಲ್ಲಗೆ ಹೆರೆಯಿರಿ. ಅಂಟು ಬಿಡಿಸಲು ಪೆಟ್ರೋಲು, ಸೀಮೆಎಣ್ಣೆ ಸುರಿಯುವುದು ಸರ್ವಥಾ ಕೂಡದು. ದೀಪ ಉರಿಯುವ ಮನೆ. ಕೊನೆಗೆ ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ಅಡಿಯಲ್ಲಿ ಹಳೆಯ ಕೆಂಪು ಗಾರೆ ಸಿಕ್ಕರೆ ಪುಣ್ಯ. ಚೆನ್ನಾಗಿ ಒಣಗಿದ ಮೇಲೆ ತುಸು ಕೊಬ್ಬರಿಎಣ್ಣೆ ಹಾಕಿ ಬಟ್ಟೆಯಿಂದ ಉಜ್ಜಿದರೆ ಹೊಳಪು ಮರಳುತ್ತದೆ. ಎಣ್ಣೆ ಹೆಚ್ಚಾದರೆ ಹಿರಿಯರು ಜಾರಿಯಾರು. ಬಿಳಿಯ ಉಪ್ಪು ಮೇಲೇಳುತ್ತಿದ್ದರೆ ನೆಲದೊಳಗೆ ತೇವವಿದೆಯೆಂದು ತಿಳಿದು, ಅದರ ಮೂಲ ಹುಡುಕುವವರೆಗೆ ಏನನ್ನೂ ಹಾಸಬೇಡಿರಿ. ಆಮೇಲೆ ಹಾಸುವುದಾದರೆ ಒಗೆದು ಬಿಸಿಲಿಗೆ ಹಾಕಬಹುದಾದ ಹತ್ತಿಯ ಜಮಖಾನ ಲೇಸು. ಧಾರವಾಡ ಜಿಲ್ಲೆಯ ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಇಷ್ಟಾದ ಮಾತ್ರಕ್ಕೆ ವೈದ್ಯರು ಕೊಟ್ಟ ಔಷಧವನ್ನು ನಾವಾಗಿ ನಿಲ್ಲಿಸಲಾಗದು. ಹಾಸಿಗೆ, ದಿಂಬುಗಳಲ್ಲಿಯೂ ನುಸಿಯುಂಟು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಇನ್ನು ಕಿತ್ತ ಫೋಮನ್ನು ಹಿತ್ತಿಲಲ್ಲಿ ಸುಡಬೇಡಿರಿ. ಅದರ ಹೊಗೆ ವಿಷ. ಚೀಲದಲ್ಲಿ ಕಟ್ಟಿ ಪುರಸಭೆಯ ಕಸದ ಗಾಡಿಗೇ ಒಪ್ಪಿಸಿರಿ.