ಅಂತಸ್ತಿನ ಕೇಕು

'ಅಂತಸ್ತು' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಮಹಡಿಯೆಂಬ ಅರ್ಥವೂ ಉಂಟು, ಯೋಗ್ಯತೆಯೆಂಬ ಅರ್ಥವೂ ಉಂಟು. ಈಚೆಗೆ ತುಮಕೂರಿನ ಆರತಕ್ಷತೆಗಳಲ್ಲಿ ವಧೂವರರ ಪಕ್ಕದಲ್ಲಿ ನಿಲ್ಲುವ ಮೂರಂತಸ್ತಿನ ಕೇಕನ್ನು ಕಂಡಾಗ ಎರಡು ಅರ್ಥಗಳೂ ಒಂದೇ ತಟ್ಟೆಯಲ್ಲಿ ಕುಳಿತಂತೆ ತೋರುತ್ತದೆ. ಹಲವೊಮ್ಮೆ ಅದರ ಒಡಲೆಲ್ಲ ಸಕ್ಕರೆ ಮೆತ್ತಿದ ಥರ್ಮೊಕೋಲು; ಕತ್ತರಿಸುವಷ್ಟು ಭಾಗ ಮಾತ್ರ ನಿಜ. ಇದನ್ನು ಕಂಡು ಕಾಲ ಕೆಟ್ಟಿತೆಂದು ಹಳಿಯಬೇಕಾಗಿಲ್ಲ. ೧೮೫೮ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯ ಕೇಕಿನಲ್ಲಿಯೂ ಮೇಲಣ ಅಂತಸ್ತುಗಳು ಬರಿಯ ಸಕ್ಕರೆಯ ಶಿಲ್ಪಗಳಾಗಿದ್ದುವು. ಸೋಗು ಹೊಸತಲ್ಲ.

ಸೋಗಿಲ್ಲದ ಕೇಕನ್ನು ಮನೆಯಲ್ಲಿಯೇ ಮಾಡಬಹುದೆ? ನಮ್ಮ ನೆರೆಮನೆಯ ಹುಡುಗಿ ಮಾಡಿದಳು. ಅವಳ ಅಣ್ಣ ಕೈಹಿಡಿಯಲಿದ್ದ ಹೆಣ್ಣು ಗುಬ್ಬಿಯ ಕ್ರೈಸ್ತ ಮನೆತನದವಳು. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು ನೆಲೆಯೂರಿದ್ದು ೧೮೩೭ರಲ್ಲಿ. ಆ ಮನೆಯವರಿಗೆ ಮದುವೆಯ ಕೇಕೆಂದರೆ ನಮಗೆ ಹೋಳಿಗೆಯಿದ್ದಂತೆ. ಹುಡುಗನ ಅಜ್ಜಿಯಾದರೋ ಕುಣಿಗಲಿನವರು. ಮೊಟ್ಟೆ ಸೋಂಕಿದ ಪಾತ್ರೆಯನ್ನು ಹೊಸಿಲು ದಾಟಿಸದವರು. ಮದುವೆಗೆ ಬರುವೆನೆಂದು ಅವರಿನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

"ಮೊಟ್ಟೆ ಹಾಕಲ್ಲ ಅಜ್ಜಿ, ಮೊಸರು ಹಾಕ್ತೀನಿ. ನೀನೇ ಬಂದು ನೋಡು" ಎಂದಳು ಹುಡುಗಿ.

"ಮೊಸರಿಗೆ ಉಬ್ಬುತ್ತೇನೇ ಅದು?" ಎಂದರು ಅಜ್ಜಿ.

ಬೇಡವೆನ್ನದೆ ಪ್ರಶ್ನೆ ಕೇಳಿದುದೇ ಶುಭಲಕ್ಷಣವೆಂದು ನಾನು ಬಗೆದೆ.

ಉಬ್ಬುತ್ತದೆ. ಮೊಸರಿನ ಹುಳಿಯು ಅಡುಗೆ ಸೋಡವನ್ನು ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಹಿಟ್ಟನ್ನು ಮೇಲಕ್ಕೆತ್ತುತ್ತದೆ. ಆದರೆ ಆ ವಾಯುವಿಗೆ ನಮ್ಮ ಬಿಡುವಿನ ಪರಿವೆಯಿಲ್ಲ. ಕಲಸಿದ ಹಿಟ್ಟು ಕೂಡಲೆ ಒಲೆ ಸೇರಬೇಕು. ಒಲೆ ಒಂದೇ ಆಗಿದ್ದರೆ ಒಂದೊಂದು ಅಂತಸ್ತಿಗೂ ಬೇರೆಯಾಗಿ ಕಲಸುವುದೇ ದಾರಿ. ಇನ್ನು ಅಳತೆ. ೬, ೮, ೧೦ ಅಂಗುಲದ ಅಚ್ಚುಗಳೆಂದರೆ ಹೆಚ್ಚಿನವರು ಹಿಟ್ಟನ್ನೂ ಅದೇ ಪ್ರಮಾಣದಲ್ಲಿ ಏರಿಸುತ್ತಾರೆ. ವೃತ್ತದ ವಿಸ್ತೀರ್ಣ ಹಾಗೆ ಬೆಳೆಯುವುದಿಲ್ಲ. ವ್ಯಾಸ ಇಮ್ಮಡಿಯಾದರೆ ಅದು ನಾಲ್ಮಡಿ. ಎತ್ತರ ಒಂದೇ ಇದ್ದಲ್ಲಿ ೬ ಅಂಗುಲಕ್ಕೆ ಒಂದು ಅಳತೆಯಾದರೆ ೮ಕ್ಕೆ ಸುಮಾರು ಒಂದೂಮುಕ್ಕಾಲು, ೧೦ಕ್ಕೆ ಎರಡೂಮುಕ್ಕಾಲು; ಒಟ್ಟು ಐದೂವರೆ. ದೊಡ್ಡದಕ್ಕೆ ಕಾವು ಕಡಮೆ, ಹೊತ್ತು ಹೆಚ್ಚು. ಚಿಕ್ಕದನ್ನು ೧೮೦ ಡಿಗ್ರಿಯಲ್ಲಿ ಬೇಯಿಸಿದರೆ ದೊಡ್ಡದನ್ನು ೧೬೦ರಲ್ಲಿ ನಿಧಾನವಾಗಿ ಬೇಯಿಸಬೇಕು. ಇಲ್ಲವಾದರೆ ಅಂಚು ಸೀದು ನಡುವು ಹಸಿಯಾಗಿ ಉಳಿದೀತು. ಅಚ್ಚು ಕೊಳ್ಳುವ ಮೊದಲು ಒಲೆಯ ಒಳಗನ್ನು ಅಳೆಯುವುದು ಲೇಸು.

ಮೊಟ್ಟೆಯಿಲ್ಲದ ಕೇಕು ಮೃದು. ಮೇಲಿನ ಹೊರೆಯನ್ನು ತಾನಾಗಿ ಹೊರಲಾರದು. ಹೊರಬೇಕಾದುದೂ ಅದಲ್ಲ. ಚಪ್ಪರದ ಭಾರವನ್ನು ಹೊರುವುದು ಗಳು, ಮಾವಿನೆಲೆಯಲ್ಲವಷ್ಟೆ! ಪ್ರತಿ ಅಂತಸ್ತೂ ತನ್ನದೇ ಗಟ್ಟಿ ರಟ್ಟಿನ ಮೇಲೆ ಕೂರಬೇಕು. ಕೆಳಗಿನದರೊಳಗೆ, ಮೇಲಿನದರ ಸುತ್ತಳತೆಯ ಒಳಗಾಗಿ, ಆಹಾರಕ್ಕೆ ಸಲ್ಲುವ ಮರದ ಕಡ್ಡಿಗಳನ್ನು ತಳ ಮುಟ್ಟುವಂತೆ ಇಳಿಸಿ ಕೇಕಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸಬೇಕು. ೧೦ ಅಂಗುಲದ್ದಕ್ಕೆ ಆರು, ೮ರದಕ್ಕೆ ನಾಲ್ಕು. ಒಂದು ಕಡ್ಡಿ ಗಿಡ್ಡವಾದರೂ ಗೋಪುರ ವಾಲುತ್ತದೆ.

ಕಟ್ಟಿದ ಕೇಕನ್ನು ರಸ್ತೆಯ ಉಬ್ಬುಗಳ ಮೇಲೆ ಒಯ್ಯುವುದು ದುಸ್ಸಾಹಸ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯವರು ತಮ್ಮ ಸೀನುಗಳನ್ನು ಬಿಡಿಬಿಡಿಯಾಗಿ ಸಾಗಿಸಿ, ಹೋದ ಊರಿನಲ್ಲಿ ರಂಗವನ್ನು ನಿಲ್ಲಿಸುತ್ತಿದ್ದರು. ಕೇಕಿಗೂ ಅದೇ ಕ್ರಮ. ಮೂರು ಪೆಟ್ಟಿಗೆಗಳಲ್ಲಿ ಒಯ್ದು ಛತ್ರದಲ್ಲಿಯೇ ಏರಿಸಬೇಕು. ವೈಶಾಖದ ಲಗ್ನವಾದರೆ ಬೆಣ್ಣೆಯ ಲೇಪ ಕರಗಿ ಜಾರುವ ಭಯವುಂಟು. ಅದನ್ನು ತೆಳ್ಳಗೆ ಸವರಿ ಮೇಲೆ ಸಕ್ಕರೆಯ ಕಣಕವನ್ನು ಹೊದಿಸುವುದು ಕ್ಷೇಮ. ಅಲಂಕಾರಕ್ಕೆ ಸಕ್ಕರೆಯ ಗುಲಾಬಿಗಳನ್ನೇ ಏಕೆ ಹುಡುಕಬೇಕು? ತಿಪಟೂರಿನ ಕೊಬ್ಬರಿ ನಮ್ಮ ಜಿಲ್ಲೆಯದೇ.

ಆ ಕೊಬ್ಬರಿಯನ್ನು ತುರಿದುಕೊಟ್ಟವರು ಕುಣಿಗಲಿನ ಅಜ್ಜಿ. ಹಿಂದಿನ ದಿನವೇ ಬಸ್ಸಿನಲ್ಲಿ ಬಂದಿಳಿದು, "ಎಲ್ಲಿ, ಆ ಮೊಸರಿನದು?" ಎಂದು ನೆಟ್ಟಗೆ ಅಡುಗೆಮನೆಗೆ ನಡೆದರಂತೆ. ಆರತಕ್ಷತೆಯಲ್ಲಿ ಗುಬ್ಬಿಯ ಬೀಗಿತಿ ಒಂದು ತುಂಡನ್ನು ಬಾಯಲ್ಲಿಟ್ಟು, ಮೊಟ್ಟೆಯಿಲ್ಲವೆಂದರೆ ನಂಬಲೊಲ್ಲದೆ ಅಜ್ಜಿಯನ್ನೇ ಸಾಕ್ಷಿ ಕೇಳಿದರು. ಅಜ್ಜಿಯ ಸಾಕ್ಷ್ಯ ಬಹಳ ದೀರ್ಘವಾಗಿತ್ತು.

ಹಂಚುವಾಗ ಮೇಲಿನಿಂದ ಒಂದೊಂದಾಗಿ ಇಳಿಸಿ, ಕಡ್ಡಿಗಳನ್ನು ಕಿತ್ತು, ಆಮೇಲೆ ಚಾಕು ಹಾಕಬೇಕು. ಇಳಿಸಿದ ಕಡ್ಡಿ ಹತ್ತಾದರೆ ಕಿತ್ತದ್ದೂ ಹತ್ತಿರಬೇಕು. ಎಣಿಸದೆ ಮಕ್ಕಳ ಕೈಗೆ ತುಂಡನ್ನು ಕೊಡಬಾರದು.