ಹವಳ ತರೋ ಮುಂಚೆ ಮೂರು ತಿಂಗಳು ಲೆಕ್ಕ ಬರೀರಿ

ಭಾಗ 1/8

ಫೋಟೋದಲ್ಲಿರೋ ಈ ಬಿಳಿ ಕಡ್ಡಿ ಏನು ಅಂತ ನಿನ್ನೆ ಸ್ಟೋರೀಲಿ ಕೇಳಿದ್ದೆ. ತುಂಬಾ ಜನ ಚಾಕ್‌ಪೀಸ್ ಅಂದ್ರಿ. ಇಬ್ಬರು ಒಣಶುಂಠಿ ಅಂದ್ರಿ. ನಮ್ಮ ಕ್ಲಾಸಿನ ಒಬ್ಬ ಮಹಾನುಭಾವ "ನಿನ್ನ ಭವಿಷ್ಯ" ಅಂತ ಬರೆದ. ಸಂತೋಷ ಕಣೋ.

ಅದು ಸತ್ತ ಹವಳ. ನನ್ನ ಟ್ಯಾಂಕಲ್ಲೇ ಸತ್ತಿದ್ದು, ಸಾಯಿಸಿದ್ದೂ ನಾನೇ.

ಕಾಡುಗೋಡಿಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಟಿವಿ ಪಕ್ಕ, ಒಂದು ಉಪ್ಪುನೀರಿನ ಟ್ಯಾಂಕ್ ಇದೆ ಅಂತ ನಿಮಗೆ ಗೊತ್ತು. ಕಲ್ಲು ಕಳೆದು ನೀರೇ 80 ಲೀಟರ್ ಇರಬಹುದು. ಎರಡು ಕ್ಲೌನ್ ಮೀನು, ನಾಲ್ಕು ಬಸವನಹುಳು. ಆ ರೀಲ್ ಹಾಕಿದಾಗಿಂದ ಡಿಎಂನಲ್ಲಿ ಒಂದೇ ಪ್ರಶ್ನೆ: "ನಾನೂ ರೀಫ್ ಟ್ಯಾಂಕ್ ಮಾಡ್ಬೇಕು, ಯಾವ ಹವಳ ತಗೊಳ್ಳಲಿ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಯಿರಿ. ಯಾವುದೂ ತಗೋಬೇಡಿ. ಮೊದಲು ಮೂರು ತಿಂಗಳು ನೀರಿನ ಲೆಕ್ಕ ಬರೀರಿ. ಬರೆಯೋಕೆ ಆಗಲಿಲ್ಲ ಅಂದ್ರೆ ಹವಳ ನಿಮಗಲ್ಲ. ಯಾಕೆ ಅಂತ ಮುಂದಿನ ಏಳು ಪೋಸ್ಟ್‌ನಲ್ಲಿ ಹೇಳ್ತೀನಿ.

ಭಾಗ 2/8

ಈ ಫೋಟೋ ನಮ್ಮ ಗೀಸರ್ ರಿಪೇರಿ ಮಾಡಿದಾಗ ತೆಗೆದದ್ದು. ಕಾಯಿಲ್ ಮೇಲೆ ಬಿಳಿ ಪದರ ಕಾಣ್ತಿದ್ಯಲ್ಲ? ನಿಮ್ಮ ಮನೆ ಬಕೆಟ್ ಅಂಚಲ್ಲೂ, ನಲ್ಲಿ ಬಾಯಲ್ಲೂ ಇದೇ ಇರುತ್ತೆ. ಅಮ್ಮ ವಿನೆಗರ್ ಹಾಕಿ ಉಜ್ಜಿದ್ರೆ ನೊರೆ ಬರುತ್ತೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್.

ಕಲ್ಲು ಹವಳದ ಅಸ್ಥಿಪಂಜರವೂ ಅದೇ ಕಣ್ರೋ. ಗೀಸರ್‌ನಲ್ಲಿ ಬಿಸಿಗೆ ತಾನಾಗೇ ಕೂರುತ್ತೆ, ಹವಳ ಅದನ್ನ ಸ್ವಂತ ಶ್ರಮದಿಂದ ಕಟ್ಟುತ್ತೆ. ಕಟ್ಟೋಕೆ ನೀರಿಂದ ಎರಡು ಸಾಮಾನು ಬೇಕು. ಒಂದು ಕ್ಯಾಲ್ಸಿಯಂ. ಇನ್ನೊಂದು ಕಾರ್ಬೊನೇಟ್, ಅದು ನೀರಲ್ಲಿ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿರುತ್ತೆ. ಈ ಎರಡನೇದು ಎಷ್ಟಿದೆ ಅಂತ ತಿಳಿಯೋಕೆ ನಾವು ಅಳೆಯೋದೇ ಆಲ್ಕಲಿನಿಟಿ, ಅಂದ್ರೆ ಕ್ಷಾರತೆ. ಟೆಸ್ಟ್ ಕಿಟ್‌ನಲ್ಲಿ ಅದರ ಅಳತೆ ಡಿಕೆಎಚ್.

ಇಟ್ಟಿಗೆ ಇದ್ದು ಸಿಮೆಂಟ್ ಇಲ್ಲದಿದ್ರೆ ಗೋಡೆ ಏಳಲ್ಲ. ಇದೂ ಹಾಗೇ. ಕಡಲಲ್ಲಿ ಈ ಸಾಮಾನು ಖಾಲಿಯಾಗೋ ಮಾತೇ ಇಲ್ಲ, ಅಷ್ಟು ನೀರಿದೆ. 80 ಲೀಟರ್ ಡಬ್ಬೀಲಿ ದಿನಾ ಖಾಲಿಯಾಗುತ್ತೆ. ದಿನಾ ತುಂಬೋನು ನೀವೊಬ್ಬರೇ.

ಭಾಗ 3/8

ಈಗ ನಂಬರ್. ಬಿಕಾಂನವರು ಓಡಬೇಡಿ, ಇದು ನಿಮ್ಮದೇ ಸಬ್ಜೆಕ್ಟ್.

ಸಮುದ್ರದ ನೀರಲ್ಲಿ ಕ್ಯಾಲ್ಸಿಯಂ ಲೀಟರಿಗೆ 410-420 ಮಿಲಿಗ್ರಾಂ ಆಸುಪಾಸು ಇರುತ್ತೆ. ಆಲ್ಕಲಿನಿಟಿ 7 ಡಿಕೆಎಚ್ ಹತ್ತಿರ. ಮೆಗ್ನೀಸಿಯಂ ಸುಮಾರು 1,300 ಮಿಲಿಗ್ರಾಂ. ಅದು ಕಾವಲುಗಾರ, ಮೊದಲಿನೆರಡು ಸುಮ್ಮಸುಮ್ಮನೆ ಸೇರಿ ಕಲ್ಲಾಗದ ಹಾಗೆ ತಡೆಯುತ್ತೆ. ಮನೆ ಟ್ಯಾಂಕಲ್ಲಿ ಜನ ಆಲ್ಕಲಿನಿಟಿ 7ರಿಂದ 10ರ ಒಳಗೆ ಎಲ್ಲೋ ಒಂದು ಕಡೆ ನಿಲ್ಲಿಸ್ತಾರೆ.

ಮುಖ್ಯ ವಿಷಯ ಇಲ್ಲಿದೆ. ಹವಳ ಬೆಳೆದಾಗ ಎರಡೂ ಒಂದೇ ಲೆಕ್ಕದಲ್ಲಿ ಖರ್ಚಾಗುತ್ತೆ. ಆಲ್ಕಲಿನಿಟಿ 2.8 ಇಳಿದ್ರೆ ಕ್ಯಾಲ್ಸಿಯಂ ಇಳಿಯೋದು ಬರೀ 20. ಅಂದ್ರೆ 8.9 ಇದ್ದದ್ದು 6.1ಕ್ಕೆ ಬಂದಾಗ ಕ್ಯಾಲ್ಸಿಯಂ 420ರಿಂದ 400ಕ್ಕೆ ಬಂದಿರುತ್ತೆ, ಅಷ್ಟೇ. ಒಂದರಲ್ಲಿ ಹತ್ತಿರತ್ತಿರ ಮೂರನೇ ಒಂದು ಭಾಗ ಖಾಲಿ, ಇನ್ನೊಂದರಲ್ಲಿ ನೂರಕ್ಕೆ ಐದೂ ಇಲ್ಲ.

ಕ್ಯಾಲ್ಸಿಯಂ ನಿಮ್ಮ ಎಫ್‌ಡಿ. ಆಲ್ಕಲಿನಿಟಿ ಜೇಬಲ್ಲಿರೋ ಕ್ಯಾಶ್. ಮನೆ ಮುಳುಗ್ತಿದೆ ಅಂತ ಎಫ್‌ಡಿ ನೋಡಿದ್ರೆ ಗೊತ್ತಾಗಲ್ಲ, ಜೇಬು ನೋಡಿದ್ರೆ ಗೊತ್ತಾಗುತ್ತೆ. ಎಲ್ಲರೂ "ಕ್ಯಾಲ್ಸಿಯಂ ಎಷ್ಟಿಡ್ಬೇಕು" ಅಂತಾನೇ ಕೇಳ್ತೀರಿ. ದಿನಾ ನೋಡಬೇಕಾದ್ದು ಇನ್ನೊಂದು.

ಭಾಗ 4/8

ಈಗ ನನ್ನ ಕಥೆ.

ದಸರಾ ರಜೇಲಿ ಐಟಿಪಿಎಲ್ ಕಡೆ ಒಂದು ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತಿದ್ದೆ. ಆ ದುಡ್ಡಲ್ಲಿ ಮೂರು ತುಂಡು ಕೊಂಬೆ ಹವಳ ತಂದೆ, 4,500 ರೂಪಾಯಿ. ಎರಡು ತಿಂಗಳು ಚೆನ್ನಾಗೇ ಇತ್ತು. ತುದಿಗಳು ಬೆಳೀತಿದ್ವು. ದಿನಾ ಸ್ವಲ್ಪ ಸೋಡಾ ನೀರು ಹಾಕ್ತಿದ್ದೆ, ಕಿಟ್ ಮನಸ್ಸು ಬಂದಾಗ ತೆಗೀತಿದ್ದೆ, ಬರೆದಿಡ್ತಿರಲಿಲ್ಲ. "ತಲೇಲಿದೆ ಬಿಡು" ಅನ್ನೋ ಧೈರ್ಯ.

ಇಂಟರ್ನಲ್ಸ್ ಬಂತು. ಒಂಬತ್ತು ದಿನ ಡೋಸೂ ಇಲ್ಲ, ಟೆಸ್ಟೂ ಇಲ್ಲ. ಮಧ್ಯದಲ್ಲಿ ಒಮ್ಮೆ ಕ್ಯಾಲ್ಸಿಯಂ ಮಾತ್ರ ನೋಡಿದೆ, 400. "ಸೂಪರ್" ಅಂತ ಮಲಗಿದೆ. ಕೊನೇ ಪೇಪರ್ ಮುಗಿದ ಸಂಜೆ ಆಲ್ಕಲಿನಿಟಿ ನೋಡಿದ್ರೆ 6.1.

ಅಲ್ಲಿವರೆಗೂ ಹವಳ ಬದುಕಿತ್ತು. ಗಾಬರಿಯಾಗಿ ನಾನು ಮಾಡಿದ್ದು ಕೊಂದಿತು. ಒಂದೂವರೆ ಟೀ ಚಮಚ ಸೋಡಾ ಲೋಟದಲ್ಲಿ ಕರಗಿಸಿ ಒಟ್ಟಿಗೆ ಸುರಿದೆ. ರಾತ್ರಿ ನೋಡಿದ್ರೆ 9. ಸ್ಕ್ರೀನ್‌ಶಾಟ್ ಹಾಕಿ "ಬ್ಯಾಕ್ ಆನ್ ಟ್ರ್ಯಾಕ್" ಅಂತ ಸ್ಟೋರಿ ಬೇರೆ. ಮೂರನೇ ದಿನ ತುದಿ ಸುಟ್ಟ ಹಾಗೆ ಬೆಳ್ಳಗಾಯ್ತು. ಆಮೇಲೆ ಚರ್ಮ ಕಳಚಿದ ಹಾಗೆ ಬುಡದಿಂದ ಬಿಟ್ಟುಕೊಂಡು ಬಂತು. ಹತ್ತು ದಿನದಲ್ಲಿ ಮೂರೂ ಹೋದವು. ಮೊದಲ ಫೋಟೋದಲ್ಲಿರೋದು ಅದರಲ್ಲೊಂದು.

6.1 ಕೆಟ್ಟ ನಂಬರ್. 9 ಒಳ್ಳೆ ನಂಬರ್. ಆದ್ರೆ ಒಂದೇ ಸಂಜೆ ಅಲ್ಲಿಂದ ಇಲ್ಲಿಗೆ ಹಾರಿಸಿದ್ದು ತಪ್ಪು.

ಭಾಗ 5/8

"ನಮ್ಮ ಬೋರ್ ನೀರಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ ಇದ್ಯಲ್ಲ, ಅದನ್ನೇ ಹಾಕು" ಅಂತ ಮೂರು ಜನ ಬರೆದಿದ್ದೀರಿ. ಬುದ್ಧಿವಂತ ಪ್ರಶ್ನೆ. ಉತ್ತರ: ಬೇಡ.

ಟ್ಯಾಂಕಿಂದ ದಿನಕ್ಕೆ ಒಂದು ಲೀಟರ್ ನೀರು ಆವಿಯಾಗುತ್ತೆ ಅಂದ್ಕೊಳ್ಳಿ. ಆವಿಯಾಗೋದು ಬರೀ ನೀರು. ಆ ಜಾಗಕ್ಕೆ ಬೋರ್ ನೀರು ಹಾಕಿದ್ರೆ ಅದರಲ್ಲಿರೋ ಸುಣ್ಣ, ಉಪ್ಪು, ನೈಟ್ರೇಟ್ ಎಲ್ಲ ಅಲ್ಲೇ ಉಳಿದು ದಿನದಿನಕ್ಕೆ ಕೂಡುತ್ತೆ. ಗೀಸರ್ ಕಾಯಿಲ್‌ಗೆ ಆದದ್ದೇ. ಅದೂ ಅಲ್ದೆ ಕಾಡುಗೋಡೀಲಿ ಒಂದು ವಾರ ಬೋರ್, ಒಂದು ವಾರ ಟ್ಯಾಂಕರ್. ಯಾವ ಟ್ಯಾಂಕರ್ ಯಾವ ಬೋರ್‌ನಿಂದ ತುಂಬಿಸ್ಕೊಂಡು ಬಂತೋ ಯಾರಿಗೆ ಗೊತ್ತು? ಓಪನಿಂಗ್ ಬ್ಯಾಲೆನ್ಸೇ ಗೊತ್ತಿಲ್ಲದ ಪುಸ್ತಕ ಅದು.

ಹಾಗಾಗಿ ಆರ್‌ಒ ನೀರೇ ಬೇಕು. ಇಲ್ಲೇ ನನಗೆ ನಾಚಿಕೆಯಾಗೋ ವಿಷಯ ಇರೋದು. ಮನೆ ಆರ್‌ಒ ಒಂದು ಲೀಟರ್ ಕೊಡೋಕೆ ಎರಡು-ಮೂರು ಲೀಟರ್ ಹೊರಗೆ ಬಿಡುತ್ತೆ. 2024ರ ಮಾರ್ಚ್ ನೆನಪಿದ್ಯಾ? ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ರೇಟಿಗೆ ಸರ್ಕಾರ ಮಿತಿ ಹಾಕಿದ ತಿಂಗಳು. ನಮ್ಮ ಬೀದೀಲಿ ಕೊಡ ಸಾಲಾಗಿ ನಿಂತಿರೋವಾಗ ನಾನು ಇಬ್ಬರು ಮೀನಿಗೆ ನೀರು ಸೋಸ್ತಿದ್ದೆ. ಅಪ್ಪ ಏನೂ ಅನ್ನಲಿಲ್ಲ, ನೋಡಿದ್ರು ಅಷ್ಟೇ. ಅವತ್ತಿಂದ ಆರ್‌ಒ ಬಿಟ್ಟ ನೀರು ಒಂದು ಹನಿಯೂ ಮೋರಿಗೆ ಹೋಗಲ್ಲ. ವಾರಕ್ಕೆ ಮೂವತ್ತು-ನಲವತ್ತು ಲೀಟರ್ ಆಗುತ್ತೆ. ನೆಲ ಒರೆಸೋಕೆ, ಬಾತ್‌ರೂಮಿಗೆ. ಅದೂ ನನ್ನ ಪುಸ್ತಕದಲ್ಲಿ ಒಂದು ಕಾಲಂ.

ಭಾಗ 6/8

ಸರಿ, ಲೆಕ್ಕ ಹೇಗೆ ಬರೆಯೋದು? ಫೋಟೋದಲ್ಲಿರೋದು ನನ್ನ ಪುಸ್ತಕ, ಹದಿನೈದು ರೂಪಾಯಿ ನೋಟ್‌ಬುಕ್.

ದಿನಾ ಒಂದೇ ಹೊತ್ತಿಗೆ ಆಲ್ಕಲಿನಿಟಿ ಟೆಸ್ಟ್. ಐದು ದಿನ ಏನೂ ಹಾಕದೆ ಬರೆದ್ರೆ ಟ್ಯಾಂಕಿನ ದಿನದ ಖರ್ಚು ಸಿಗುತ್ತೆ. ಖರ್ಚು ಎಷ್ಟೋ ಅಷ್ಟೇ ದಿನಾ ಹಾಕಬೇಕು. ಅಡುಗೆ ಸೋಡಾ ಆದ್ರೆ ಲೀಟರಿಗೆ 30 ಮಿಲಿಗ್ರಾಂ ಹಾಕಿದ್ರೆ 1 ಡಿಕೆಎಚ್ ಏರುತ್ತೆ. ನನ್ನ 80 ಲೀಟರಿಗೆ 2.4 ಗ್ರಾಂ, ಅಂದ್ರೆ ಅರ್ಧ ಟೀ ಚಮಚ. ಬೇಕಿಂಗ್ ಪೌಡರ್ ಅಲ್ಲ ಮತ್ತೆ, ಅಪ್ಪಟ ಸೋಡಾ. ಕ್ಯಾಲ್ಸಿಯಂಗೆ ಕ್ಯಾಲ್ಸಿಯಂ ಕ್ಲೋರೈಡ್. ಎರಡನ್ನೂ ಒಂದೇ ಲೋಟದಲ್ಲಿ ಕಲಸಬೇಡಿ, ಕಣ್ಣೆದುರೇ ಹಾಲಿನ ಹಾಗೆ ಬೆಳ್ಳಗಾಗಿ ತಳ ಸೇರುತ್ತೆ. ಕ್ಯಾಲ್ಸಿಯಂ ವಾರಕ್ಕೊಮ್ಮೆ ನೋಡಿದ್ರೆ ಸಾಕು, ಮೆಗ್ನೀಸಿಯಂ ತಿಂಗಳಿಗೊಮ್ಮೆ.

ಇಳಿದಿದ್ರೆ? ದಿನಕ್ಕೆ ಅರ್ಧ ಡಿಕೆಎಚ್ ಮಾತ್ರ ಏರಿಸಿ. ನನ್ನ 6.1ನ್ನ 9 ಮಾಡೋಕೆ ಆರು ದಿನ ಬೇಕಿತ್ತು. ನಾನು ಆರು ನಿಮಿಷ ತಗೊಂಡೆ.

ಇನ್ನೊಂದು ದಾರಿ ಕೇಳಿದ್ರೆ ಅಜ್ಜಿ ನಕ್ಕಳು. ಸುಣ್ಣದ ತಿಳಿನೀರು! ಹಳೇ ಹವಳದವರು ಕಾಲ್ಕ್‌ವಾಸರ್ ಅಂತ ಜರ್ಮನ್ ಹೆಸರಲ್ಲಿ ಕರೆಯೋದು ಇದನ್ನೇ. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಹವಳಕ್ಕೆ ಬೇಕಾದ ಪ್ರಮಾಣದಲ್ಲೇ ಕೊಡುತ್ತೆ. ನಮ್ಮ ಕರಾವಳೀಲಿ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ರಲ್ಲ, ಆ ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ. ಆದ್ರೆ ಹುಷಾರ್: ಆ ತಿಳಿಯ ಪಿಎಚ್ 12ಕ್ಕಿಂತ ಮೇಲೆ. ಕೈ ಸುಡುತ್ತೆ, ಒಟ್ಟಿಗೆ ಸುರಿದ್ರೆ ಮೀನೂ ಹೋಗುತ್ತೆ. ರಾತ್ರಿ ಹನಿಹನಿಯಾಗಿ ಮಾತ್ರ. ವೀಳ್ಯದೆಲೆ ಡಬ್ಬಿ ಸುಣ್ಣ ಅಂತೂ ಬೇಡ, ಶುದ್ಧ ಸುಣ್ಣದ ಪುಡಿ ಬೇಕು.

ಭಾಗ 7/8

ಇದು ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚಿಸಿದೆ.

ಆ ಮೂರು ಹವಳಕ್ಕೆ ನಾನು ಬಿಲ್ ತಗೊಂಡಿರಲಿಲ್ಲ. ದಿನಕ್ಕೆ ಇನ್ನೂರು ಜನಕ್ಕೆ ಬಿಲ್ ಕೊಟ್ಟು ದುಡಿದ ದುಡ್ಡಲ್ಲಿ, ಬಿಲ್ ಇಲ್ಲದ ವಸ್ತು. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ "ಇಂಪೋರ್ಟೆಡ್ ಬ್ರೋ" ಅಂದ್ರು, ನಂಬಿದೆ. ನಂಬೋಕೆ ಆಸೆಯಿತ್ತು, ಅದಕ್ಕೆ ನಂಬಿದೆ.

ಆಮೇಲೆ ಓದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ ರೀಫ್ ಕಟ್ಟೋ ಕಲ್ಲು ಹವಳಗಳೆಲ್ಲ ಇವೆ, 2001ರಿಂದ. ಹುಲಿ ಇರೋ ಪಟ್ಟಿ ಅದು. ನಮ್ಮ ಕಡಲಿಂದ ಒಂದು ಕೊಂಬೆ ಮುರಿದು ಮಾರೋದು ಅಪರಾಧ. ಹೊರದೇಶದಿಂದ ಬಂದದ್ದಾದ್ರೂ ಕಲ್ಲು ಹವಳಗಳು ಸೈಟಿಸ್ ಒಪ್ಪಂದದ ಪಟ್ಟೀಲಿವೆ, ಕಾಗದ ಇರಲೇಬೇಕು. ನನ್ನ ಹತ್ರ ಯಾವುದೂ ಇರಲಿಲ್ಲ.

ಮುರ್ಡೇಶ್ವರದ ಆಚೆ ಕಡಲಲ್ಲಿ ನೇತ್ರಾಣಿ ದ್ವೀಪ ಇದೆ. ಜನ ಸ್ಕೂಬಾ ಮಾಡೋಕೆ ಹೋಗ್ತಾರಲ್ಲ, ಅಲ್ಲಿ ನೀರಡಿ ನಮ್ಮ ರಾಜ್ಯದ್ದೇ ಹವಳ ಇದೆ. ಅಲ್ಲಿ ಯಾರೂ ಟೆಸ್ಟ್ ಕಿಟ್ ಹಿಡಿದು ಕೂತಿಲ್ಲ, ಕಡಲೇ ಲೆಕ್ಕ ನೋಡ್ಕೊಳ್ಳುತ್ತೆ. ಆ ಲೆಕ್ಕವನ್ನೂ ನಾವು ಕೆಡಿಸ್ತಿದ್ದೀವಿ. ನಮ್ಮ ಹೊಗೆಯ ಕಾರ್ಬನ್ ಡೈಆಕ್ಸೈಡ್ ಹೀರಿ ಸಮುದ್ರದ ಮೇಲ್ನೀರಿನ ಪಿಎಚ್ ಕೈಗಾರಿಕೆ ಶುರುವಾದಾಗಿಂದ ಸುಮಾರು 8.2ರಿಂದ 8.1ಕ್ಕೆ ಬಂದಿದೆ. ಕೇಳೋಕೆ 0.1, ಆದ್ರೆ ಆಮ್ಲತೆ ನೂರಕ್ಕೆ ಮೂವತ್ತರ ಹತ್ತಿರ ಹೆಚ್ಚಿದ ಹಾಗೆ. ಹವಳಕ್ಕೆ ಮನೆ ಕಟ್ಟೋ ಕಾರ್ಬೊನೇಟ್ ಅಷ್ಟು ಕಮ್ಮಿ. 80 ಲೀಟರ್ ಸರಿ ಮಾಡೋಕೆ ನಾನು ಒದ್ದಾಡಿದೆ. ಕಡಲಿಗೆ ಯಾವ ಚಮಚದಲ್ಲಿ ಸೋಡಾ ಹಾಕ್ತೀರಿ?

ಭಾಗ 8/8

"ಆಟೋ ಡೋಸರ್ ಹಾಕಿದ್ರೆ ಮುಗೀತಲ್ಲ" ಅಂತೀರಿ. ಮೆಷಿನ್ ತುಂಬುತ್ತೆ, ಸರಿ. ಎಷ್ಟು ತುಂಬಬೇಕು ಅಂತ ಹೇಳೋನು ನೀವೇ. ತಪ್ಪು ಲೆಕ್ಕ ಕೊಟ್ರೆ ಅದು ಬಹಳ ಶಿಸ್ತಿನಿಂದ ದಿನಾ ತಪ್ಪು ಮಾಡುತ್ತೆ.

"ಇದೊಂದು ಹವ್ಯಾಸ, ಇಷ್ಟೆಲ್ಲ ಯಾಕೆ" ಅಂತಾನೂ ಅಂತೀರಿ. ಕ್ರಿಕೆಟ್ ಬ್ಯಾಟ್ ಮೂಲೇಲಿ ಒಂಬತ್ತು ದಿನ ಇಟ್ರೆ ಸಾಯಲ್ಲ. ಇದು ಸಾಯುತ್ತೆ.

ಈಗ ನನ್ನ ಟ್ಯಾಂಕಲ್ಲಿ ಕಲ್ಲು ಹವಳ ಇಲ್ಲ. ಕಲ್ಲಿನ ಮೇಲೆ ಗುಲಾಬಿ ಬಣ್ಣದ ಕೋರಲೈನ್ ಪಾಚಿ ಹಬ್ಬಿದೆ, ಅದಕ್ಕೂ ಬಸವನಹುಳುವಿನ ಚಿಪ್ಪಿಗೂ ಕ್ಯಾಲ್ಸಿಯಂ ಬೇಕು. ಲೆಕ್ಕ ಕಲಿಯೋಕೆ ಅಷ್ಟು ಸಾಕು. ಖರ್ಚು ಕಮ್ಮಿ, ವಾರಕ್ಕೆ ಎಂಟು ಲೀಟರ್ ನೀರು ಬದಲಾಯಿಸಿದ್ರೆ ಬಹುಪಾಲು ಸರಿಹೋಗುತ್ತೆ. ಆದ್ರೂ ದಿನಾ ಬರೀತೀನಿ. ಇವತ್ತಿಗೆ 71ನೇ ದಿನ. ಇವತ್ತಿನ ಆಲ್ಕಲಿನಿಟಿ 8.1. ನಿನ್ನೆ 8.2.

90 ದಿನ ಆದ್ಮೇಲೂ ಕಲ್ಲು ಹವಳ ತರ್ತೀನಾ? ಬಿಲ್, ಕಾಗದ ಎರಡೂ ಕೊಡೋರು ಸಿಕ್ಕಿದ್ರೆ ಯೋಚಿಸ್ತೀನಿ. ಸಿಗದಿದ್ರೆ ಈ ಗುಲಾಬಿ ಪಾಚಿ ನೋಡ್ಕೊಂಡೇ ಇರ್ತೀನಿ, ಅದೂ ಚೆನ್ನಾಗೇ ಇದೆ.

ಟ್ಯಾಂಕ್ ಶುರು ಮಾಡೋರು ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದ ಫೋಟೋ ನನಗೆ ಕಳಿಸಿ. ಹವಳದ ಫೋಟೋ ಆಮೇಲೆ ನೋಡೋಣ.

#ಕಾಡುಗೋಡಿ #ಉಪ್ಪುನೀರಿನಟ್ಯಾಂಕ್ #ದಿನದಲೆಕ್ಕ #ಬಿಕಾಂಬದುಕು #ಬಿಲ್‌ಕೇಳಿ