ಕಷ್ಟ ನೆಲದ್ದೋ, ಮನೆಯೊಡೆಯನದ್ದೋ?

ಶಿಕಾರಿಪುರದ ಹಳೆಯ ಪೇಟೆಯ ಮನೆಗಳನ್ನು ಬಲ್ಲವರಿಗೆ ಜಂಟಿ ಗೋಡೆಯೆಂದರೆ ವಿವರಿಸಬೇಕಾಗಿಲ್ಲ. ಒಂದೇ ಗೋಡೆಯ ಮೇಲೆ ಎರಡು ಸಂಸಾರಗಳ ತೊಲೆಗಳು ಆತುಕೊಂಡಿರುತ್ತಿದ್ದವು. ಸೊರಬದ ಕಡೆಯ ಮಳೆಗಾಲದಲ್ಲಿ ಸೂರಿನ ನೀರು ಯಾರ ಅಂಗಳಕ್ಕೆ ಬೀಳಬೇಕೆಂಬ ವ್ಯಾಜ್ಯ ಪ್ರತಿ ವರ್ಷವೂ ಹೊಸದಾಗಿ ಹುಟ್ಟುತ್ತಿತ್ತು. ಗಾಳಿ, ಬೆಳಕು, ಮಳೆಯ ನೀರು, ಬೆಂಕಿಯ ಭಯ: ಇವುಗಳಿಗಾಗಿಯೇ ಮನೆಯ ಸುತ್ತ ಇಂತಿಷ್ಟು ಜಾಗ ಬಿಡಬೇಕೆಂಬ ಸೆಟ್‌ಬ್ಯಾಕ್ ನಿಯಮ ಬಂದಿತು. ನಿಯಮ ಒಳ್ಳೆಯದೇ. ಅದನ್ನು ಪಾಲಿಸಲಾಗದ ನೆಲದ ಗತಿಯೇನು ಎಂಬುದಷ್ಟೇ ನನ್ನ ಪ್ರಶ್ನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಅಜ್ಜನ ಕಾಲದ ಪಾಲಿನಲ್ಲಿ ಬಂದಿರುವ ನಿವೇಶನದ ಅಗಲ ಹದಿನೈದು ಅಡಿ. ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಒಂಬತ್ತು; ಗೋಡೆಗಳ ದಪ್ಪ ಕಳೆದರೆ ಒಳಗೆ ದೊರೆಯುವುದು ಒಂದು ಓಣಿ ಮಾತ್ರ. ದಾರಿಯೇನೆಂದು ಪರಿಚಿತರನ್ನು ವಿಚಾರಿಸಿದಾಗ, ಮೊದಲು ಕಟ್ಟಿಬಿಡು, ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಸಿಕೋ ಎಂಬ ಸಲಹೆ ದೊರೆಯಿತಂತೆ. "ಮೊದಲೇ ಕೇಳಿದವನಿಗೆ ಇಲ್ಲ, ಮುರಿದು ಬಂದವನಿಗೆ ಉಂಟು. ಇದೆಂಥ ನ್ಯಾಯ ಮೇಷ್ಟ್ರೇ?" ಎಂದು ಅವನು ಕೇಳಿದ.

ನಮ್ಮ ಎರಡೂ ತಾಲ್ಲೂಕುಗಳಿಗೆ ಅಕ್ರಮ-ಸಕ್ರಮ ಎಂಬುದು ಹಳೆಯ ಮಾತು. ಬಗರ್ ಹುಕುಂ ಸಾಗುವಳಿದಾರರು ನಮೂನೆ 50, 53, 57 ಎಂದು ಅರ್ಜಿ ಹಿಡಿದು ಅಲೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಪ್ರಶ್ನೆ ತುತ್ತು ಅನ್ನದ್ದು. ಅದೇ ಪದ್ಧತಿ ಪಟ್ಟಣದ ಕಟ್ಟಡಗಳಿಗೂ ಬಂದಿತು. 2014ರ ನಿಯಮಗಳು ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ, ಇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸಲು ಅವಕಾಶ ಕೊಟ್ಟವು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮರು ತಿಂಗಳೇ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಹಣ ಹೂಡಿದ್ದಾಗಿದೆ, ವರ್ಷಗಳು ಕಳೆದಿವೆ ಎಂಬ ಕಾರಣಕ್ಕೆ ಅನಧಿಕೃತ ಕಟ್ಟಡ ನ್ಯಾಯಸಮ್ಮತವಾಗದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿತು. ಅಂದಮೇಲೆ ಕಟ್ಟಿದ ನಂತರದ ಕ್ಷಮೆಯನ್ನು ನಂಬಿ ಕೂರುವಂತಿಲ್ಲ. ಕಟ್ಟುವ ಮೊದಲೇ ಕೇಳುವ ಬಾಗಿಲೊಂದು ಬೇಕು.

ಅಮೆರಿಕದಲ್ಲಿ ಅಂಥ ಬಾಗಿಲುಂಟು. ವಲಯ ನಿಯಮದಿಂದ ವಿನಾಯಿತಿ ಬೇಡುವವನು ತನಗೆ ಅನವಶ್ಯಕ ಕಷ್ಟವಾಗುತ್ತಿದೆಯೆಂದು ಸಾಬೀತುಪಡಿಸಬೇಕು. ನ್ಯೂಯಾರ್ಕ್ ರಾಜ್ಯದ ಉಚ್ಚತಮ ನ್ಯಾಯಾಲಯ 1939ರಲ್ಲಿ ಇದಕ್ಕೆ ಮೂರು ಪರೀಕ್ಷೆಗಳನ್ನು ಗೊತ್ತುಮಾಡಿತು. ಆ ನಿಯಮದಡಿ ಭೂಮಿಯಿಂದ ಯುಕ್ತವಾದ ಪ್ರತಿಫಲ ದೊರೆಯದಂತಿರಬೇಕು. ಕಷ್ಟ ಆ ಜಾಗಕ್ಕೇ ವಿಶಿಷ್ಟವಾದದ್ದಾಗಿರಬೇಕು, ಊರಿಗೆಲ್ಲ ಇರುವಂಥದಲ್ಲ. ವಿನಾಯಿತಿಯಿಂದ ಬೀದಿಯ ಸ್ವರೂಪ ಕೆಡಬಾರದು. ವಾಸದ ವಲಯದಲ್ಲಿ ಸ್ಕೇಟಿಂಗ್ ಅಂಗಳ ಮಾಡಹೊರಟವನ ಮೊಕದ್ದಮೆ ಅದು. ಅವನಿಗೆ ವಿನಾಯಿತಿ ದಕ್ಕಲಿಲ್ಲ. ಸ್ವಯಂಕೃತ ಕಷ್ಟ ಲೆಕ್ಕಕ್ಕಿಲ್ಲವೆಂಬ ಮಾತೂ ಮುಂದೆ ಸೇರಿತು. ಈಗ ಸೆಟ್‌ಬ್ಯಾಕಿನಂಥ ಅಳತೆಯ ವಿಷಯಕ್ಕೆ ಅಲ್ಲಿ ಇನ್ನಷ್ಟು ಸಡಿಲವಾದ ತೂಗಿನೋಡುವಿಕೆ ಇದೆ: ಅರ್ಜಿದಾರನಿಗೆ ಆಗುವ ಲಾಭವೆಷ್ಟು, ನೆರೆಯವರಿಗೆ ಆಗುವ ಹಾನಿಯೆಷ್ಟು ಎಂದು.

ಈ ವಿಚಾರದ ತಿರುಳು ನನಗೆ ಹಿಡಿಸಿದೆ. ಕಷ್ಟ ನೆಲದ್ದಾಗಿರಬೇಕು, ಮನೆಯೊಡೆಯನದ್ದಲ್ಲ. ಮಗಳ ಮದುವೆ, ಬ್ಯಾಂಕಿನ ಸಾಲ, ಬಾಡಿಗೆಯ ಆಸೆ ಇವೆಲ್ಲ ನಿಜವಾದ ಕಷ್ಟಗಳಿರಬಹುದು. ಆದರೆ ಮನೆ ಕೈಬದಲಾದ ದಿನ ಅವೂ ಹೊರಟುಹೋಗುತ್ತವೆ. ಎದ್ದ ಗೋಡೆ ಮಾತ್ರ ನೆರೆಯವನ ಕಿಟಕಿಗೆ ಅಡ್ಡವಾಗಿ ನಿಂತಿರುತ್ತದೆ. ಹದಿನೈದು ಅಡಿಯ ಅಗಲ ಹಾಗಲ್ಲ. ಯಾರೇ ಬಂದರೂ ಅದು ಹದಿನೈದೇ.

ಪಾಲು ಮಾಡಿಕೊಂಡವರು ಮನೆಯವರೇ ಅಲ್ಲವೇ, ಅದು ಸ್ವಯಂಕೃತ ಕಷ್ಟವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನಿಯಮ ಬರುವ ಮೊದಲೇ ಅಜ್ಜ ಮಾಡಿದ ಪಾಲಿಗೆ ಮೊಮ್ಮಗನನ್ನು ಹೊಣೆ ಮಾಡಲಾಗದು. ಇಂದು ನಲವತ್ತು ಅಡಿಯ ನಿವೇಶನವನ್ನು ಮೂರಾಗಿ ಸೀಳಿ ಮಾರಿ, ನಾಳೆ ಜಾಗ ಸಾಲದೆಂದು ಗೋಳಾಡುವವನಿಗೆ ಮಾತ್ರ ಆ ಆಕ್ಷೇಪ ಸಲ್ಲುತ್ತದೆ.

ಬಾಗಿಲು ತೆರೆದರೆ ಎಲ್ಲರೂ ಕಷ್ಟ ಹೇಳಿಕೊಂಡು ಬರುತ್ತಾರೆ, ಶಿಫಾರಸು ನುಗ್ಗುತ್ತದೆ ಎಂಬ ಭಯವೂ ಸಹಜವೇ. ಅದಕ್ಕೆ ಮದ್ದು ಬಹಿರಂಗ ವಿಚಾರಣೆ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ಭೂ ಬಳಕೆ ಬದಲಾವಣೆಗೆ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಕ್ರಮ ಇದ್ದೇ ಇದೆ. ಸಣ್ಣ ನಿವೇಶನದವನ ಅರ್ಜಿಗೂ ಹಾಗೆಯೇ ಅಕ್ಕಪಕ್ಕದವರಿಗೆ ನೋಟೀಸು ಹೋಗಲಿ. ಅರ್ಜಿದಾರ ನಕ್ಷೆ, ಪಾಲುಪತ್ರ, ಅಳತೆಗಳೊಡನೆ ಬಂದು ತನ್ನ ಕಷ್ಟವನ್ನು ಸಾಬೀತುಪಡಿಸಲಿ. ಒಪ್ಪಿದರೂ ತಿರಸ್ಕರಿಸಿದರೂ ಕಾರಣವನ್ನು ಬರೆದು ಪುರಸಭೆಯ ಫಲಕದಲ್ಲಿ ಹಾಕಲಿ. ಕೊಡುವ ವಿನಾಯಿತಿಯೂ ಅಗತ್ಯವಿದ್ದಷ್ಟೇ ಇರಲಿ. ಒಂದು ಪಕ್ಕದ ಮೂರಡಿ ಬಿಟ್ಟುಕೊಟ್ಟರೆ ಸಾಕಾಗುವಲ್ಲಿ ಮೂರನೆಯ ಮಹಡಿಯನ್ನೂ ಸೇರಿಸಿ ಕೊಡುವ ಔದಾರ್ಯ ಬೇಡ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂಜಿನಿಯರರಾಗಿದ್ದೀರಿ, ಕೆಲವರು ಕಚೇರಿಗಳಲ್ಲಿ ಕಡತ ನೋಡುತ್ತಿದ್ದೀರಿ. ದಂಡದ ರಸೀತಿಗಿಂತ ಮುಂಚಿತವಾಗಿ ಕೊಟ್ಟ ಅರ್ಜಿಗೆ ಹೆಚ್ಚು ಮರ್ಯಾದೆ ಸಿಗುವ ಊರೇ ಕಾನೂನನ್ನು ಗೌರವಿಸುವ ಊರು ಎಂದು ನಾನು ನಂಬಿದ್ದೇನೆ. ನಿಮ್ಮ ಅನುಭವ ಬೇರೆ ಹೇಳುವುದಾದರೆ ಸಂಕೋಚವಿಲ್ಲದೆ ಬರೆಯಿರಿ.